ಮಂಚದ ಕೆಳಗೆ ಎಡಕುಮೇರಿ

ಗ್ರಾಫ್ ಹಾಳೆಯ ಮೇಲೆ ನಮ್ಮ ಮನೆಯ ಮಾಡೆಲ್ ರೈಲು ಮೂರು ವರ್ಷದಿಂದ ಓಡುತ್ತಿದೆ. ಒಂದು ದಿನವೂ ಲೇಟಾಗಿಲ್ಲ. ಹಳಿಯೂ ತಪ್ಪಿಲ್ಲ. ಹಳಿ ಇದ್ದರೆ ತಾನೇ ತಪ್ಪೋದು.

"ರೀ, ರೈಲು ಮಾಡ್ತಿದ್ದೀರೋ, ಎಸ್ಸೆಸ್ಸೆಲ್ಸಿ ಲೆಕ್ಕದ ಪರೀಕ್ಷೆಗೆ ಓದ್ತಿದ್ದೀರೋ?" ಅಂತ ಹೆಂಡತಿ ಕೇಳುತ್ತಾಳೆ. ಎದುರಿಗೆ ಕಂಪಾಸು, ರಬ್ಬರು, ಅರ್ಧ ಸವೆದ ಪೆನ್ಸಿಲು ಇರುವಾಗ ಏನು ಉತ್ತರ ಕೊಡಲಿ?

ಶುರುವಿನಲ್ಲಿ ಆಸೆ ಜಾಸ್ತಿ ಇತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಇಡೀ ಘಾಟಿ ಮನೆಗೆ ಬರಬೇಕು. ಸುಮಾರು 55 ಕಿಲೋಮೀಟರ್, 57 ಸುರಂಗ. ಮಾಡೆಲ್ ರೈಲಿನವರಿಗೆ ಚೆನ್ನಾಗಿ ಗೊತ್ತಿರುವ ಎಚ್‌ಓ ಅಳತೆ 1:87, ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲು. ಗುಣಿಸಿ ಭಾಗಿಸಿ ನೋಡಿದೆ. 632 ಮೀಟರ್ ಹಳಿ ಬೇಕು. ಇನ್ನೂ ಪುಟ್ಟದಾದ ಎನ್ ಅಳತೆಗೆ, ಅಂದರೆ 1:160ಕ್ಕೆ ಇಳಿದೆ. ಆಗಲೂ 344 ಮೀಟರ್. ನಮ್ಮ ರೂಮು 10 ಅಡಿಗೆ 11 ಅಡಿ. ಹಳಿ ಗೇಟು ದಾಟಿ, ಬೀದಿ ದಾಟಿ, ಮುಖ್ಯರಸ್ತೆಯ ದರ್ಶಿನಿ ಮುಂದೆ ನಿಲ್ಲುತ್ತಿತ್ತು. ಕಾಫಿ ತರಿಸಿಕೊಳ್ಳೋಕೆ ಅನುಕೂಲ, ಬಿಡಿ.

ಉದ್ದ ಕತ್ತರಿಸಿದರೆ ತಿರುವಿನ ಕಾಟ. ನಮ್ಮ ಬ್ರಾಡ್‌ಗೇಜಿನಲ್ಲಿ ಅತಿ ಬಿಗಿಯಾದ ತಿರುವು ಅಂದರೆ 175 ಮೀಟರ್ ತ್ರಿಜ್ಯದ್ದು. ಎಚ್‌ಓದಲ್ಲಿ ಅದನ್ನು ಹಾಗೇ ಹಾಕಿದರೆ ವೃತ್ತದ ಅಗಲವೇ 4 ಮೀಟರ್. ರೂಮಿನ ಗೋಡೆ ಒಡೆಯಬೇಕು. ಅದಕ್ಕೇ ಈ ಹವ್ಯಾಸದವರು ಎಲ್ಲರೂ ಒಂದು ಸಣ್ಣ ಸುಳ್ಳು ಹೇಳುತ್ತಾರೆ. ಎನ್ ಅಳತೆಯಲ್ಲಿ 28 ಸೆಂಟಿಮೀಟರ್ ತ್ರಿಜ್ಯದ ತಿರುವು ಹಾಕಿ, ಅದು ಕಾಣದ ಹಾಗೆ ಮೇಲೊಂದು ಗುಡ್ಡ ಕೂರಿಸುತ್ತಾರೆ. ಮಾಡೆಲ್ ರೈಲಿನಲ್ಲಿ ಸುರಂಗ ಅಂದರೆ ಮನೆಯಲ್ಲಿ ಸ್ಟೋರ್ ರೂಮ್ ಇದ್ದ ಹಾಗೆ. ನೆಂಟರಿಗೆ ತೋರಿಸಬಾರದ್ದೆಲ್ಲ ಅದರೊಳಗೆ.

ಹೀಗಿರುವಾಗ 57 ಸುರಂಗದ ಘಾಟಿಗಿಂತ ಒಳ್ಳೆಯ ನೆಪ ಇನ್ನೆಲ್ಲಿ ಸಿಗುತ್ತದೆ? ಇಡೀ ಘಾಟಿ ಬೇಡ, ಎಡಕುಮೇರಿ ಒಂದೇ ಸಾಕು ಅಂದುಕೊಂಡೆ. ಸುತ್ತ ಕಾಡು, ನಡುವೆ ಪುಟ್ಟ ಸ್ಟೇಷನ್. ಒಂದು ಕಡೆ ಸುರಂಗದಿಂದ ಬಂದ ರೈಲು ಇನ್ನೊಂದು ಕಡೆ ಸುರಂಗಕ್ಕೆ ಹೋದರೆ ಯಾರೂ ಅನುಮಾನ ಪಡಲ್ಲ. ಬಸ್‌ಸ್ಟ್ಯಾಂಡು, ಅಂಗಡಿ, ಮನೆ ಕಟ್ಟುವ ಕೆಲಸವೂ ಉಳಿಯಿತು. ಸೋಮಾರಿಗೆ ಹೇಳಿ ಮಾಡಿಸಿದ ಸ್ಟೇಷನ್.

ಇನ್ನು ಏರು. ಆ ಘಾಟಿ ಐವತ್ತಕ್ಕೆ ಒಂದರಂತೆ ಏರುತ್ತದೆ. ಮಾಡೆಲಿಗೂ ಅದೇ ಲೆಕ್ಕ ಒಳ್ಳೆಯದು. ಹೆಚ್ಚಾದರೆ ಪುಟ್ಟ ಇಂಜಿನ್ ಚಕ್ರ ಜಾರುತ್ತದೆ. ಆದರೆ 5 ಸೆಂಟಿಮೀಟರ್ ಏರೋಕೆ 2.5 ಮೀಟರ್ ಹಳಿ ಬೇಕು, ಇಳಿಯೋಕೆ ಮತ್ತೆ ಅಷ್ಟೇ. ನನಗೆ ಹೆಂಡತಿ ಮಂಜೂರು ಮಾಡಿದ ಜಾಗ ಮಂಚದ ಕೆಳಗಿನದು. 6 ಅಡಿಗೆ ಎರಡೂವರೆ ಅಡಿ ಹಲಗೆ. ವಾರಗಟ್ಟಲೆ ತಲೆ ಕೆರೆದ ಮೇಲೆ ಹೊಳೆಯಿತು. ಹಳಿ ಯಾಕೆ ಏರಿಸಬೇಕು, ನೆಲ ಇಳಿಸಿದರಾಯಿತಲ್ಲ! ಹಳಿ ಮಟ್ಟಸವಾಗಿರಲಿ. ಪಕ್ಕದ ಥರ್ಮೊಕೋಲ್ ಕೊರೆದು ಕಣಿವೆ ಮಾಡಿ, ಸೇತುವೆ ಇಟ್ಟರೆ ಘಾಟಿಯೇ. ಆ ರಾತ್ರಿ ನಿದ್ದೆ ಚೆನ್ನಾಗಿ ಬಂತು.

ಬೆಳಿಗ್ಗೆ ತಂಗಿಯ ಮಗ ಬಂದ. ಎಂಟು ವರ್ಷದವನು. ಹಾಳೆ ನೋಡಿ, "ಮಾವ, ಇದು ಎಲ್ಲಿಗೆ ಹೋಗತ್ತೆ?" ಅಂದ. ಸುಮ್ನೆ ಸುತ್ತುತ್ತೆ ಅಂದೆ. "ಗಿರಗಿಟ್ಲೆ ಥರ?" ಅಂದುಬಿಟ್ಟ. ಆ ಹಾಳೆ ಹರಿದೆ.

ಹೀಗೇ ಹದಿನಾಲ್ಕನೆಯ ಹಾಳೆಗೆ ಬಂದೆ. ಇದರಲ್ಲಿ ಹಲಗೆಯ ಹಿಂಭಾಗದಲ್ಲಿ, ಗುಡ್ಡದ ಮರೆಗೆ, ಮೂರು ಸಾಲು ಹಳಿ ಇದೆ. ಯಕ್ಷಗಾನದ ಚೌಕಿ ಇದ್ದ ಹಾಗೆ. ಗೂಡ್ಸು ಮುಂದೆ ಕುಣಿದು ಬರುವಷ್ಟರಲ್ಲಿ ಒಳಗೆ ಪ್ಯಾಸೆಂಜರ್ ವೇಷ ಕಟ್ಟಿ ಕೂತಿರುತ್ತದೆ. ಮಂಗಳೂರಿಗೆ ಹೋದ ಗಾಡಿ ಬೇಗ ವಾಪಸ್ ಬರಲ್ಲ. ಇಂಜಿನ್, ನಾಲ್ಕು ಬೋಗಿ ಸೇರಿ ಸುಮಾರು 70 ಸೆಂಟಿಮೀಟರ್. ಸ್ಟೇಷನ್ ಮುಂದೆ ಸರಿಯಾಗಿ ನಿಲ್ಲುತ್ತದೆ. ಎರಡು ಸಲ ಅಳೆದಿದ್ದೇನೆ. ಮೂರು ಸಲವೇ ಇರಬೇಕು.

ಇದನ್ನೆಲ್ಲ ಅಮ್ಮ ಒಂದೇ ಸಂಜೆಯಲ್ಲಿ ಮುಗಿಸುತ್ತಿದ್ದಳು. ದಸರಾ ಗೊಂಬೆ ಕೂರಿಸುವಾಗ ಪಕ್ಕದಲ್ಲಿ ಒಂದು ಪಾರ್ಕು. ಮಣ್ಣು ಹರಡಿ ರಾಗಿ ಚೆಲ್ಲಿದರೆ ನಾಲ್ಕು ದಿನಕ್ಕೆ ಹುಲ್ಲು. ಒಡೆದ ಕನ್ನಡಿ ಕೆರೆ. ಆನೆಗಿಂತ ದೊಡ್ಡ ಬಾತುಕೋಳಿ ಅದರಲ್ಲಿ ಈಜುತ್ತಿತ್ತು. ಸ್ಕೇಲ್ ಎಷ್ಟು ಅಂತ ಯಾರೂ ಕೇಳಲಿಲ್ಲ. ಚರ್ಪು ತಿಂದು ಚೆನ್ನಾಗಿದೆ ಅಂತ ಹೇಳಿ ಹೋದರು.

ಅವಳನ್ನು ನೆನೆದು ಧೈರ್ಯ ಮಾಡಿ ಹೋದ ತಿಂಗಳು ಪ್ಲೈವುಡ್ ತಂದೆ. ಅಂಚು ಉಜ್ಜಿ, ಒಂದು ಕೋಟು ವಾರ್ನಿಷ್ ಹೊಡೆದು, ಒಣಗಲಿ ಅಂತ ತಾರಸಿ ಮೇಲಿಟ್ಟೆ. ಆಮೇಲೆ ಸುರಂಗದ ಬಾಯಿ ಎರಡು ಮಿಲಿಮೀಟರ್ ಆಚೆ ಇರಬೇಕಿತ್ತು ಅನ್ನಿಸಿ ಹದಿನೈದನೆಯ ಹಾಳೆ ಶುರು ಮಾಡಿದೆ.

ನಿನ್ನೆ ಮೇಲೆ ಹೋಗಿ ನೋಡಿದರೆ ಹಲಗೆಯ ಮೇಲೆ ಹಳೇ ಪಂಚೆ ಹಾಸಿದೆ. ಅದರ ತುಂಬ ಸಂಡಿಗೆ. ಆರು ಸಾಲು, ತಿರುವಿಲ್ಲ, ಏರಿಲ್ಲ. ಎಲ್ಲಾ ಒಂದೇ ಅಳತೆ.