ಪರ-ವಿರೋಧ: ಚಿನೂಕ್ ಕಲಾವಿದನ ಕೆತ್ತನೆಗೆ ಸರ್ಕಾರದ ಮುದ್ರೆ ಬೇಕೇ?

ಅಮೆರಿಕದಲ್ಲಿ ಒಂದು ವಸ್ತುವನ್ನು ‘ಮೂಲನಿವಾಸಿ ಕಲೆ’ ಎಂದು ಮಾರಬೇಕಾದರೆ, ಅದನ್ನು ಮಾಡಿದವರು ಕೇಂದ್ರ ಅಥವಾ ರಾಜ್ಯ ಸರ್ಕಾರ ಮಾನ್ಯ ಮಾಡಿದ ಬುಡಕಟ್ಟಿನ ಸದಸ್ಯರಾಗಿರಬೇಕು, ಇಲ್ಲವೇ ಅಂಥ ಬುಡಕಟ್ಟಿನಿಂದ ಪ್ರಮಾಣಪತ್ರ ಪಡೆದಿರಬೇಕು. ಇದು 1990ರ ಕಾನೂನು. ಅಮೆರಿಕದ ವಾಯವ್ಯ ತೀರದ ಕೊಲಂಬಿಯಾ ನದೀಮುಖದಲ್ಲಿ ಬಾಳಿಬಂದ ಮೂಲನಿವಾಸಿಗಳಾದ ಚಿನೂಕ್ ಜನರಿಗೆ ಕೇಂದ್ರದ ಮಾನ್ಯತೆ ಇಲ್ಲ. ಅವರ ಕಲಾವಿದರಿಗೂ ಈ ಹೆಸರು ಸಲ್ಲಬೇಕೇ?

ಪರ: ಸಲ್ಲಲೇಬೇಕು

2005ರಲ್ಲಿ ವಾಷಿಂಗ್ಟನ್ ರಾಜ್ಯದ ರಿಡ್ಜ್‌ಫೀಲ್ಡ್ ವನ್ಯಧಾಮದಲ್ಲಿ ಸೀಡರ್ ಹಲಗೆಗಳ ದೊಡ್ಡದೊಂದು ಮನೆ ಎದ್ದಿತು. ಕ್ಯಾಥ್ಲಪೋಟಲ್ ಎಂಬ ಹಳೆಯ ಚಿನೂಕ್ ಊರಿನ ಮನೆಗಳ ಮಾದರಿಯಲ್ಲಿ, ಚಿನೂಕರನ್ನು ಜೊತೆಗೆ ಸೇರಿಸಿಕೊಂಡು ಕಟ್ಟಿದ ಮನೆ ಅದು. ಆ ವನ್ಯಧಾಮ ಕೇಂದ್ರದ ಇಂಟೀರಿಯರ್ ಇಲಾಖೆಗೆ ಸೇರಿದ್ದು. ಚಿನೂಕರನ್ನು ಬುಡಕಟ್ಟೆಂದು ಒಪ್ಪದಿರುವುದೂ ಅದೇ ಇಲಾಖೆ. ಮನೆ ಕಟ್ಟಲು ಬೇಕಾದ ಜನ, ಪಟ್ಟಿಗೆ ಸೇರಿಸುವಾಗ ಬೇಡವಾದರು. ಇದನ್ನು ಅನ್ಯಾಯ ಎನ್ನದೆ ಇನ್ನೇನೆನ್ನಬೇಕು?

ಚಿನೂಕರು ಎಲ್ಲಿ ತಪ್ಪಿದರು? 1851ರಲ್ಲಿ ಟ್ಯಾನ್ಸಿ ಪಾಯಿಂಟ್‌ನಲ್ಲಿ ಅವರು ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡರು. ಅದನ್ನು ಸ್ಥಿರಪಡಿಸದೆ ಬಿಟ್ಟದ್ದು ಸೆನೆಟ್. 2001ರ ಜನವರಿಯಲ್ಲಿ ಕೊನೆಗೂ ಮಾನ್ಯತೆ ಬಂತು. ಮರುವರ್ಷ ಜುಲೈನಲ್ಲಿ ಅವರ ಮುಖ್ಯಸ್ಥರನ್ನು ಅಮೆರಿಕದ ಪಶ್ಚಿಮ ಕರಾವಳಿಯ ತನಕ ನಡೆದ ಲೂಯಿಸ್ ಮತ್ತು ಕ್ಲಾರ್ಕ್ ಅನ್ವೇಷಣಾ ಯಾತ್ರೆಯ ಇನ್ನೂರನೇ ವರ್ಷಾಚರಣೆಗೆಂದು ಶ್ವೇತಭವನಕ್ಕೆ ಕರೆದರು. ಕೆಲವೇ ದಿನಗಳಲ್ಲಿ ಮಾನ್ಯತೆ ಹಿಂದಕ್ಕೆ ಹೋಯಿತು. ಜನಾಂಗವಾಗಿ ಎಡೆಬಿಡದೆ ಬಾಳಿದ್ದಕ್ಕೆ ಪುರಾವೆ ಸಾಲದು ಎಂಬುದು ಇಲಾಖೆಯ ಕಾರಣ. 1830ರ ದಶಕದಲ್ಲಿ ಮಲೇರಿಯಾ ಊರಿಗೆ ಊರನ್ನೇ ಬರಿದು ಮಾಡಿದ ಜನರನ್ನು ಎಡೆಬಿಡದ ದಾಖಲೆ ಕೊಡಿ ಎಂದು ಕೇಳುವುದು ಎಂಥ ಕ್ರೌರ್ಯ!

ಪುರಾವೆ ಬೇಕಾದರೆ ಕಲ್ಲಿನಲ್ಲಿದೆ, ಬಂದು ನೋಡಲಿ. ನಾನಿರುವುದು ಪೋರ್ಟ್‌ಲ್ಯಾಂಡಿನಲ್ಲಿ. ಇಲ್ಲಿ ವಿಲಮೆಟ್ ನದಿಗೆ 2015ರಲ್ಲಿ ಟಿಲಿಕಮ್ ಕ್ರಾಸಿಂಗ್ ಎಂಬ ಸೇತುವೆ ಬಂತು. ಸ್ವಂತ ಕಾರುಗಳಿಗೆ ಅದರ ಮೇಲೆ ಪ್ರವೇಶವಿಲ್ಲ. ಸೇತುವೆಯ ಬಳಿ ಚಿನೂಕ್ ಕಲಾವಿದ ಗ್ರೆಗ್ ರಾಬಿನ್ಸನ್ ಮಾಡಿದ ಬಸಾಲ್ಟ್ ಶಿಲ್ಪಗಳೂ ದೊಡ್ಡದೊಂದು ಕಂಚಿನ ಪದಕವೂ ಇವೆ. ‘ನಾವು ಸದಾ ಇಲ್ಲೇ ಬಾಳಿದವರು’ ಎಂಬುದು ಆ ಕೃತಿಯ ಹೆಸರು. ಊರಿನಿಂದ ಬಂದವರನ್ನೆಲ್ಲ ನಾನು ಮೊದಲು ಅಲ್ಲಿಗೇ ಕರೆದೊಯ್ಯುತ್ತೇನೆ. ಕೊಲಂಬಿಯಾ ತೀರದ ಹಳೆಯ ಕೆತ್ತನೆಯಲ್ಲಿ ಮುಖ ದುಂಡಗೆ, ಹುಬ್ಬಿನ ಗೆರೆ ಗಡುಸು. ಎದೆಯ ಪಕ್ಕೆಲುಬುಗಳು ಒಂದೊಂದಾಗಿ ಹೊರಗೆ ಕಾಣುತ್ತವೆ. ಕುರಿಗೊಂಬಿನ ಹಳೆಯ ಬಟ್ಟಲುಗಳ ಮೇಲೂ ಇದೇ ಮುಖ, ಅದರ ಸುತ್ತ ಸಾಲುಸಾಲು ಪುಟ್ಟ ತ್ರಿಕೋನಗಳು. ಇವತ್ತಿನ ಚಿನೂಕ್ ಉಳಿಗೆ ಆ ಗೆರೆ ಎಲ್ಲಿಂದ ಬಂತು? ಎಲ್ಲೆಲ್ಲೋ ಮ್ಯೂಸಿಯಮ್ಮುಗಳಿಗೆ ಸೇರಿಹೋದ ಅಜ್ಜ-ಮುತ್ತಜ್ಜರ ಕೆಲಸವನ್ನು ಹುಡುಕಿ, ಎದುರಿಗಿಟ್ಟುಕೊಂಡು, ಕೈ ಪಳಗಿಸಿಕೊಂಡದ್ದರಿಂದ ಬಂತು. ಇಂಥ ಕೈಗೆ ಸುಳ್ಳು ಹೆಸರಿನ ಮಾರಾಟಗಾರನ ಸಾಲಿನಲ್ಲಿ ನಿಲ್ಲುವ ಗತಿಯೇ? ಮೊದಲ ಅಪರಾಧಕ್ಕೇ ಎರಡೂವರೆ ಲಕ್ಷ ಡಾಲರ್ ತನಕ ದಂಡ, ಐದು ವರ್ಷದ ತನಕ ಸೆರೆ. ಹೋಗಲಿ ರಾಜ್ಯದ ಮಾನ್ಯತೆಯಾದರೂ ಸಿಗಲಿ ಎಂದರೆ, ವಾಷಿಂಗ್ಟನ್ ರಾಜ್ಯದಲ್ಲಿ ಅಂಥ ವ್ಯವಸ್ಥೆಯೇ ಇಲ್ಲ.

ಕಾನೂನು ಸಡಿಲಿಸಿದರೆ ನಕಲಿಗಳು ನುಗ್ಗುತ್ತಾರೆ ಎನ್ನುವವರಿದ್ದಾರೆ. ಅವರಿಗೆ ಕಲೆ ಮುಖ್ಯವಲ್ಲ, ಕಡತ ಮುಖ್ಯ. ಯಾರು ತಮ್ಮವರು ಎಂಬುದು ಚಿನೂಕರಿಗೆ ಗೊತ್ತು. ಆ ಮಾತನ್ನು ಅವರೇ ಹೇಳಲಿ, ಕಾನೂನು ಅದನ್ನು ಒಪ್ಪಲಿ.

ವಿರೋಧ: ಗುರುತನ್ನು ಸಡಿಲಿಸಬಾರದು

ಈ ಪಕ್ಷವನ್ನು ವಹಿಸಿ ಬರೆಯಲು ನನ್ನನ್ನು ಕೇಳಿದ್ದಾರೆ. ಚಿನೂಕರ ಕಲೆ ಚಿನೂಕರದೇ ಎಂಬುದರಲ್ಲಿ ನನಗೆ ತಕರಾರಿಲ್ಲ. ಕಾನೂನಿನ ಕುರಿತು ಮಾತ್ರ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಮನೆಗೆ ಮದುವೆಯೊಂದರ ಉಡುಗೊರೆಯಾಗಿ ಬಿದರಿ ಹೂಜಿ ಬಂದಿತ್ತು. ಕೊಟ್ಟವರು ಪಾಪ, ದೊಡ್ಡ ಬೆಲೆ ತೆತ್ತಿದ್ದರು. ಒಂದು ಹಬ್ಬಕ್ಕೆ ತಾಯಿ ಅದನ್ನು ಒರೆಸಿದಾಗ ಕಪ್ಪು ಬಣ್ಣ ಬಟ್ಟೆಗೆ ಹತ್ತಿತು, ಬೆಳ್ಳಿಯೆಂದುಕೊಂಡ ಬಳ್ಳಿ ಉಗುರಿಗೆ ಎದ್ದು ಬಂತು. ನಿಜವಾದ ಬಿದರಿಯಲ್ಲಿ ಸತು-ತಾಮ್ರದ ಮಿಶ್ರಣದ ಮೇಲೆ ಬೆಳ್ಳಿಯನ್ನು ಕೊರೆದು ಕೂರಿಸುತ್ತಾರೆ. ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಆ ಕಪ್ಪು ಒರೆಸಿದರೆ ಹೋಗುವಂಥದ್ದಲ್ಲ. ತಾಯಿಗೆ ಬೇಸರವಾದದ್ದು ದುಡ್ಡಿಗಲ್ಲ, ಬೀದರಿನಲ್ಲಿ ಕಣ್ಣು ಸೋಲುವ ತನಕ ಕೊರೆಯುತ್ತ ಕೂರುವವರ ಅನ್ನವನ್ನು ಯಾರೋ ಕಸಿದರಲ್ಲ ಎಂದು. ಬಿದರಿಗೆ 2006ರಲ್ಲೇ ಭೌಗೋಳಿಕ ಸೂಚಕ ಸಿಕ್ಕಿದೆ. ಹಾಗಿದ್ದೂ ಇಷ್ಟು ಮೋಸ ನಡೆಯುತ್ತದೆ. ಗುರುತನ್ನು ಬಿಗಿ ಮಾಡಬೇಕೆಂಬ ನನ್ನ ಹಟಕ್ಕೆ ಮೂಲ ಆ ಹೂಜಿ.

ಅಮೆರಿಕದಲ್ಲೂ ಇದೇ ಕತೆ. 2021ರಲ್ಲಿ ಮೂಲನಿವಾಸಿಗಳೆಂದು ಸುಳ್ಳು ಹೇಳಿ ಸಿಯಾಟಲ್‌ನ ಗ್ಯಾಲರಿಗಳಲ್ಲಿ ಕೆತ್ತನೆ ಮಾರಿಸಿದರೆಂದು ಇಬ್ಬರ ಮೇಲೆ ಮೊಕದ್ದಮೆ ಹೂಡಲಾಯಿತು. ಇಂಥವರನ್ನು ನ್ಯಾಯಾಲಯಕ್ಕೆ ಎಳೆಯಲು ಸದಸ್ಯತ್ವದ ಪಟ್ಟಿಯೊಂದು ಕೈಯಲ್ಲಿರಬೇಕು. ‘ನಮ್ಮವರು ಯಾರೆಂದು ನಮಗೆ ಗೊತ್ತು’ ಎಂದು ಯಾವ ಗುಂಪು ಬೇಕಾದರೂ ಹೇಳಬಹುದು. ಚೆರೋಕೀ ಎಂಬ ಇನ್ನೊಂದು ಮೂಲನಿವಾಸಿ ಜನಾಂಗದ ಹೆಸರಿನಲ್ಲಿ ಹಾಗೆ ಹೇಳಿಕೊಳ್ಳುವ ಗುಂಪುಗಳು ಹಲವಿವೆ. ಪರ ವಾದಿಸುವವರ ಮಾತು ಕೇಳಿದರೆ ಚಿನೂಕರ ಉಳಿಯನ್ನೇ ಸರ್ಕಾರ ಕಿತ್ತುಕೊಂಡಂತೆ ತೋರುತ್ತದೆ. ಹಾಗೇನೂ ಆಗಿಲ್ಲ. ಕೆತ್ತಬಹುದು, ಮಾರಬಹುದು, ಚಿನೂಕ್ ವಂಶಸ್ಥ ಎಂದು ಹೇಳಿಕೊಳ್ಳಲೂಬಹುದು. ಸೇತುವೆಯ ಬಳಿ ಕೃತಿ ನಿಂತಿರುವುದು ಅದಕ್ಕೆ ಸಾಕ್ಷಿ.

ಸಂಸತ್ತೇ ತಮಗೆ ಮಾನ್ಯತೆ ಕೊಡಬೇಕೆಂದು ಚಿನೂಕರು ಒತ್ತಾಯಿಸುತ್ತಲೇ ಬಂದಿದ್ದಾರೆ. ಅದು ಸಿಗಲಿ ಎಂದೇ ನನ್ನ ಬಯಕೆ. ಸಿಕ್ಕಿದ ದಿನ ಅವರ ಕಲಾವಿದರಿಗೂ 1990ರ ಕಾನೂನಿನ ರಕ್ಷಣೆ ಸಿಗುತ್ತದೆ. ಅಲ್ಲಿಯವರೆಗೆ ಅದನ್ನು ಸಡಿಲಿಸುವುದು ಬೇಡ.