ಹೆದರ್ ಹೂವಿನ ಏಲ್, ಹಾಲೆ ಮರದ ಕಷಾಯ

ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನಲ್ಲಿ ಒಂದು ಆಗಸ್ಟ್ ಸಂಜೆ ಗೆಳೆಯನೊಬ್ಬ ನನ್ನ ಮುಂದೆ ಒಂದು ಗ್ಲಾಸ್ ಏಲ್ ಇಟ್ಟ. ಏಲ್ ಅಂದರೆ ಒಂದು ಬಗೆಯ ಬಿಯರ್. ಪಕ್ಕದ ಆಲೋವಾ ಊರಿನ ವಿಲಿಯಮ್ಸ್ ಬ್ರದರ್ಸ್ ಎಂಬ ಬಿಯರ್ ತಯಾರಕರ 'ಫ್ರೂಖ್'. ಇಲ್ಲಿನ ಹಳೆಯ ಗೇಲಿಕ್ ಭಾಷೆಯಲ್ಲಿ ಫ್ರೂಖ್ ಅಂದರೆ ಹೆದರ್ ಗಿಡ. ಆಗಸ್ಟ್ ಬಂತೆಂದರೆ ಇಲ್ಲಿನ ಗುಡ್ಡಗಳನ್ನೆಲ್ಲ ನೇರಳೆ ಮಾಡುತ್ತದಲ್ಲ, ಅದೇ ಹೂವು.

ಬಣ್ಣ ತೆಳು ಜೇನಿನದು. ಮೂಗಿನ ಹತ್ತಿರ ತಂದರೆ ಮೊದಲು ಹೂವು, ಆಮೇಲೆ ಒದ್ದೆ ಮಣ್ಣು. ಬಾಯಲ್ಲಿ ಮೊಳಕೆ ಬಾರ್ಲಿಯ ಸಿಹಿ. ನುಂಗಿದ ಮೇಲೆ ನಾಲಗೆಯ ಕೊನೆಯಲ್ಲಿ ಸೊಪ್ಪಿನ ಖಾರದಂಥದ್ದು ಏನೋ ಉಳಿಯುತ್ತದೆ. ಅದು ಬಾಗ್ ಮರ್ಟಲ್, ಜೌಗು ನೆಲದ ಗಿಡ. ಇಲ್ಲಿನವರು ಅದರ ಎಲೆಯನ್ನು ಮಿಡ್ಜ್ ಎಂಬ ಕಚ್ಚುವ ನುಸಿ ಓಡಿಸಲೂ ಬಳಸುತ್ತಾರೆ. ನಮ್ಮಲ್ಲಿ ಸೊಳ್ಳೆಗೆ ಲಕ್ಕಿ ಸೊಪ್ಪಿನ ಹೊಗೆ ಹಾಕುವ ಹಾಗೆ.

ಸಾಮಾನ್ಯ ಬಿಯರಿನ ಕಹಿ ಹಾಪ್ ಬಳ್ಳಿಯದು. ಸ್ಕಾಟ್ಲೆಂಡಿನ ಚಳಿಗೆ ಆ ಬಳ್ಳಿ ಚೆನ್ನಾಗಿ ಬರುವುದಿಲ್ಲ. ಗುಡ್ಡದಲ್ಲಿ ಹೆದರ್ ಬೇಕಾದಷ್ಟಿದೆ. ಹಾಗಾಗಿ ಹಿಂದಿನವರು ಹೂವನ್ನೇ ಹಾಕಿದರು. ಈ ಏಲ್ ಮಾಡುವ ಗುಟ್ಟು ಬಲ್ಲ ಕೊನೆಯ ಮುದುಕ ರಾಜನಿಗೂ ಅದನ್ನು ಹೇಳದೆ ಸತ್ತ ಎಂಬ ಕತೆ ಇಲ್ಲಿ ಹಳೆಯದು. ಫ್ರೂಖ್ ಬಂದದ್ದು 1988ರಲ್ಲಿ. ಬ್ರೂಸ್ ವಿಲಿಯಮ್ಸ್ ಹಳೆಯ ಗೇಲಿಕ್ ಮನೆಪಾಕವೊಂದನ್ನು ಹಿಡಿದು ಅದನ್ನು ಮತ್ತೆ ಮಾಡಿದರು.

ಆ ಗ್ಲಾಸ್ ಹಿಡಿದಾಗ ನನಗೆ ನೆನಪಾದದ್ದು ಪುತ್ತೂರಿನ ನಮ್ಮ ಮನೆ. ಅಲ್ಲೂ ಅದೇ ತಿಂಗಳು. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ ಅಜ್ಜ ಬೆಳಕು ಹರಿಯುವ ಮೊದಲೇ ಹಾಲೆ ಮರದ ಹತ್ತಿರ ಹೋಗುತ್ತಿದ್ದರು. ಕಬ್ಬಿಣ ತಾಗಿಸಬಾರದು. ಕಲ್ಲಿನಿಂದ ಜಜ್ಜಿಯೇ ತೊಗಟೆ ತೆಗೆಯಬೇಕು. ಅಜ್ಜಿ ಅದನ್ನು ಕರಿಮೆಣಸು, ಬೆಳ್ಳುಳ್ಳಿ, ಓಮದ ಜೊತೆ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲು ಹಾಕುತ್ತಿದ್ದರು. ಚುಂಯ್ ಎನ್ನುವ ಆ ಸದ್ದು ಇನ್ನೂ ಕಿವಿಯಲ್ಲಿದೆ. ಆ ಕಹಿಯ ಮುಂದೆ ಯಾವ ಬಿಯರೂ ನಿಲ್ಲದು. ಆಮೇಲೆ ಮೆಂತೆ ಗಂಜಿ ಕುಡಿದರೆ ಮಾತ್ರ ಸಮಾಧಾನ.

ಒಂದು ಮತ್ತು ಬರಿಸುವ ಪೇಯ, ಇನ್ನೊಂದು ಮದ್ದು. ಎರಡನ್ನೂ ಒಂದೇ ಎನ್ನುತ್ತಿಲ್ಲ. ಆದರೆ ಸ್ಕಾಟ್ಲೆಂಡಿನವರ ದಾರಿ ಒಮ್ಮೆ ಕಡಿದಿತ್ತು, ಹುಡುಕಿ ಜೋಡಿಸಿಕೊಂಡರು. ಬಾಟಲಿಯ ಮೇಲೆ ಗಿಡದ ಹೆಸರನ್ನು ತಮ್ಮ ಹಳೆಯ ಭಾಷೆಯಲ್ಲೇ ಬರೆದರು. ನನ್ನ ಗೆಳೆಯನಿಗೆ ಗೇಲಿಕ್ ಬಾರದು, ಆದರೂ ಆ ಪದ ಬರುತ್ತದೆ, ಆ ಗಿಡದ ಗುರುತು ಗೊತ್ತು. ನಮ್ಮದು ಕಡಿಯಲೇ ಇಲ್ಲ. ಆದರೆ ಪೇಟೆಯಲ್ಲಿ ಈಗ ಕಷಾಯ ಲೋಟದಲ್ಲಿ ಸಿಗುತ್ತದೆ. ಕುಡಿಯುವ ಮಕ್ಕಳಲ್ಲಿ ಎಷ್ಟು ಜನ ಆ ಮರ ನೋಡಿದ್ದಾರೆ? ನನಗೆ ಬೇಜಾರಾಗುವುದು ಇಲ್ಲೇ. ಇದು ಸುಮ್ನೆ ಹಳೆಯದರ ಮೇಲಿನ ಮೋಹ ಅಲ್ಲ. ಹಾಲೆಯೆಂದು ತಿಳಿದು ಕಾಸರಕನ ಮರದ ತೊಗಟೆ ತಂದರೆ ಅದು ವಿಷ. ಜೀವ ಹೋಗಬಹುದು. ಕತ್ತಲಲ್ಲಿ ಹೋಗುವವರಿಗೆ ಮರದ ಗುರುತು ಹಗಲಲ್ಲೇ ಆಗಿರಬೇಕು, ಅಲ್ವಾ?

ಕಳೆದ ವಾರ ಮಗಳಿಗೆ ಊರಿನಿಂದ ಅಪ್ಪ ವಿಡಿಯೋ ಕರೆಯಲ್ಲಿ ಮರ ತೋರಿಸಿದರು. ಕೊಂಬೆಯ ಒಂದೇ ಗಂಟಿನಲ್ಲಿ ಸುತ್ತಲೂ ಐದಾರು ಎಲೆ. ಒಂದನ್ನು ಚಿವುಟಿದರು, ಬಿಳಿ ಹಾಲು ಬಂತು. 'ಕಾಸರಕನಲ್ಲಿ ಹಾಲು ಬರುವುದಿಲ್ಲ ಮಗಾ, ಎಲೆಯೂ ಎರಡೆರಡೇ ಇರುವುದು' ಎಂದರು. ಅವಳು ಎರಡನ್ನೂ ಪುಸ್ತಕದಲ್ಲಿ ಬಿಡಿಸಿ, ಪಕ್ಕದಲ್ಲಿ ಕನ್ನಡದಲ್ಲೇ ಹೆಸರು ಬರೆದಳು.