ವಿಡಿಯೊ ಹಾಕಿಟ್ಟರೆ ಕೂಸು ಭಾಷೆ ಕಲಿಯುತ್ತದೆಯೇ? ಒಂದು ಸ್ಪಷ್ಟನೆ

"ವರ್ಷ ತುಂಬುವ ಮೊದಲೇ ಮಗುವಿನ ಮುಂದೆ ದಿನಾ ಬೇರೆ ಭಾಷೆಯ ವಿಡಿಯೊ ಹಾಕಿಡಿ, ತಾನಾಗಿಯೇ ಕಲಿಯುತ್ತದೆ" ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ.

ಕೂಸುಗಳ ಭಾಷಾ ಕಲಿಕೆಯನ್ನು ಅಧ್ಯಯನ ಮಾಡುವ ಅಮೆರಿಕದ ವಿಜ್ಞಾನಿ ಪೆಟ್ರೀಶಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಇಂಗ್ಲಿಷ್ ಮಾತಾಡುವ ಮನೆಗಳ 9 ತಿಂಗಳ ಕೂಸುಗಳ ಜೊತೆ ಮ್ಯಾಂಡರಿನ್ ಚೀನೀ ಭಾಷೆಯವರು 12 ಸಲ ಕೂತು ಆಡಿದರು, ಪುಸ್ತಕ ಓದಿ ಹೇಳಿದರು. ಅಷ್ಟಕ್ಕೇ ಆ ಕೂಸುಗಳು ಮ್ಯಾಂಡರಿನ್‌ನ ಎರಡು ಹತ್ತಿರದ ದನಿಗಳ ವ್ಯತ್ಯಾಸ ಗುರುತಿಸಿದವು. ಅದೇ ಜನ, ಅದೇ ಮಾತು ಟಿವಿಯಲ್ಲಿ ಬಂದಾಗ? ಕಲಿಕೆಯೇ ಕಾಣಲಿಲ್ಲ. ಬರೀ ಧ್ವನಿ ಕೇಳಿಸಿದಾಗಲೂ ಅಷ್ಟೇ.

ಯಾಕೆ ಹೀಗೆ? ಕೂಸಿಗೆ ಶಬ್ದ ಸುಮ್ನೆ ಕಿವಿಗೆ ಬಿದ್ದರೆ ಸಾಲದು. ಮಾತಾಡುವವರ ಕಣ್ಣು ಎತ್ತ ಹೋಯಿತು ಎಂದು ಅದು ನೋಡುತ್ತದೆ. ತಾನು ದನಿ ಮಾಡಿದಾಗ ನೀವು ತಿರುಗಿ ಮಾತಾಡುತ್ತೀರಿ, ಅಲ್ವಾ? ರೆಕಾರ್ಡ್ ಆದ ವಿಡಿಯೊ ಹಾಗೆ ಉತ್ತರ ಕೊಡುವುದಿಲ್ಲ.

ಎದುರಿನವರು ಸ್ಪಂದಿಸಿದರೆ ಪರದೆಯಲ್ಲೂ ಕಲಿಕೆ ಸಾಧ್ಯ. 2014ರ ಇನ್ನೊಂದು ಅಧ್ಯಯನದಲ್ಲಿ ಎರಡು ವರ್ಷ ದಾಟಿದ ಮಕ್ಕಳು ವಿಡಿಯೊ ಕಾಲ್‌ನಲ್ಲಿ ಹೊಸ ಪದ ಕಲಿತರು. ಮೊದಲೇ ಚಿತ್ರಿಸಿದ ವಿಡಿಯೊದಿಂದ ಕಲಿಯಲಿಲ್ಲ.

ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ.